ಅಂಬಿಗನ ಮಗಳು ಈಜು ಕಲಿತದ್ದು

ದ್ವಾರಕಾ, ದೆಹಲಿ
ಮೇ 4, 2025

ಪ್ರೀತಿಯ ಅಪ್ಪನಿಗೆ,

ನಿನ್ನ ಮಗಳು ಹುಲಿಗೆಮ್ಮನ ನಮಸ್ಕಾರ. ಅವ್ವನಿಗೂ ತಿಳಿಸು. ತಮ್ಮ ಶಂಕರನಿಗೆ ನನ್ನ ನೆನಪು ಹೇಳು. ಸಂಕ್ರಾಂತಿಗೆ ಬರೆದವಳು ಮತ್ತೆ ಈಗ ಪೆನ್ನು ಹಿಡಿದಿದ್ದೇನೆ, ಸಿಟ್ಟಾಗಬೇಡ. ಫೋನಿನಲ್ಲಿ ನಾವಿಬ್ಬರು ಮಾತಾಡುವ ಚಂದ ನಿನಗೇ ಗೊತ್ತು. ನೀನು "ಉಂಡ್ಯಾ?" ಅನ್ನುತ್ತೀ, ನಾನು "ಹೂಂ" ಅನ್ನುತ್ತೇನೆ, ಅಷ್ಟರಲ್ಲಿ ಫೋನು ಅವ್ವನ ಕೈಗೆ ಹೋಗಿರುತ್ತದೆ. ನಾಚಿಕೆ ನಿನ್ನದೋ ನನ್ನದೋ ತಿಳಿಯದು. ಅದಕ್ಕೇ ಕಾಗದ. ನೀನು ಹರಿಗೋಲಿನಲ್ಲಿ ಕೂತು, ಒಂದು ಸವಾರಿಗೂ ಇನ್ನೊಂದಕ್ಕೂ ನಡುವೆ, ಅಕ್ಷರ ಕೂಡಿಸಿಕೊಂಡು ಓದುತ್ತೀ ಎಂದು ಅವ್ವ ಹೇಳಿದ್ದಳು. ಈ ಸಲ ದೊಡ್ಡಕ್ಷರದಲ್ಲಿ ಬರೆಯುತ್ತಿದ್ದೇನೆ.

ಸುದ್ದಿ ಏನೆಂದರೆ, ನಾನು ಈಜು ಕಲಿಯುತ್ತಿದ್ದೇನೆ. ಈ ಸಾಲನ್ನು ಇನ್ನೊಮ್ಮೆ ಓದುವುದು ಬೇಡ, ನೀನು ಸರಿಯಾಗಿಯೇ ಓದಿದ್ದೀ.

ನಾನು ಕೆಲಸಕ್ಕಿರುವ ಮನೆಯ ರತ್ನಪ್ರಭಾ ಮೇಡಂಗೆ ಮಾರ್ಚಿನಲ್ಲಿ ನಲವತ್ತೆಂಟು ತುಂಬಿತು. ಮೊಣಕಾಲು ನೋವಿಗೆ ಈಜು ಒಳ್ಳೆಯದೆಂದು ಡಾಕ್ಟರು ಹೇಳಿದರು. ಅಷ್ಟಾದ ಮೇಲೆ ಅವರ ಆಫೀಸಿನ ಒಬ್ಬ ಗೆಳತಿ, ತಾನು ಹೋದ ವರ್ಷ ಬೆಟ್ಟದ ಕಡೆ ಒಂದು ದೊಡ್ಡ ಕೆರೆಯಲ್ಲಿ ಈಜಿ ಬಂದೆ ಎಂದು ಫೋಟೋ ತೋರಿಸಿದಳು. ಮೇಡಂಗೆ ಅದು ತಲೆಯೊಳಗೆ ಕೂತುಬಿಟ್ಟಿತು. ಕೈಕೆಳಗೆ ಐವತ್ತು ಜನ ಇರುವ ಅಧಿಕಾರಿ, ಆದರೆ ಈಜುಕೊಳಕ್ಕೆ ಒಬ್ಬರೇ ಹೋಗಲು ಹೆದರಿಕೆ. "ಹುಲಿಗಿ, ನೀನು ಹೊಳೆ ಊರಿನವಳು. ನನ್ನ ಜೊತೆ ಬಾ, ನಾನು ಮುಳುಗಿದರೆ ಎತ್ತು" ಎಂದರು.

ನನಗೆ ಈಜು ಬಾರದೆಂದು ಆಗಲೇ ಹೇಳಬೇಕಿತ್ತು. ಬಾಯಿಗೆ ಬರಲಿಲ್ಲ. ಕೃಷ್ಣೆಯ ನಡುಗಡ್ಡೆಯಲ್ಲಿ ಹುಟ್ಟಿ, ಅಂಬಿಗನ ಮಗಳಾಗಿ, ಈಜು ಬಾರದು ಎಂದು ಯಾವ ಮುಖದಲ್ಲಿ ಹೇಳಲಿ? ಸುಮ್ಮನೆ ತಲೆಯಾಡಿಸಿದೆ. ಆ ತಲೆಯಾಡಿಸಿದ್ದರ ಫಲ ಮುಂದೆ ಓದು.

ಈಜುವ ಬಟ್ಟೆ ತರಲು ಕರೋಲ್ ಬಾಗಿಗೆ ಹೋದೆವು. ತೋಳೂ ಇರುವ, ಮೊಣಕಾಲಿನವರೆಗೆ ಬರುವ ಬಟ್ಟೆ ಸಿಗುತ್ತದೆ ಅಪ್ಪಾ, ನೀನು ಹೆದರಬೇಡ. ಆದರೆ ಅಂಗಡಿಯ ಭಯ್ಯಾ ಅದನ್ನು ಎಲ್ಲರೆದುರು ಎತ್ತಿ ಹಿಡಿದು, ಎರಡೂ ಕಡೆ ಎಳೆದು, ಎಷ್ಟು ಹಿಗ್ಗುತ್ತದೆ ನೋಡಿ ಎಂದು ತೋರಿಸಿದ. ನಾನು ಅಲ್ಲಿದ್ದಷ್ಟು ಹೊತ್ತೂ ಫ್ಯಾನು ನೋಡುತ್ತಿದ್ದೆ.

ನಮ್ಮ ಸೊಸೈಟಿಯಲ್ಲೂ ಒಂದು ಕೊಳವಿದೆ. ಅದು ಮನೆಯವರಿಗೆ ಮಾತ್ರ, ಕೆಲಸದವರಿಗಲ್ಲ. ಮೇಡಂ ಸೊಸೈಟಿಯ ಆಫೀಸಿಗೆ ಹೋಗಿ ಜಗಳವಾಡಿ ಬಂದರು, ಆಗಲಿಲ್ಲ. ಹಾಗಾದರೆ ನನಗೂ ಬೇಡ ಎಂದು ಮೆಟ್ರೋದಲ್ಲಿ ಎರಡು ಸ್ಟೇಷನ್ ದೂರದ ದೊಡ್ಡ ಕೊಳಕ್ಕೆ ಇಬ್ಬರ ಹೆಸರನ್ನೂ ಬರೆಸಿದರು. ಅಲ್ಲಿ ಬೆಳಿಗ್ಗೆ ಆರರಿಂದ ಏಳು ಹೆಂಗಸರಿಗೆಂದೇ ಇದೆ. ಕಲಿಸುವವರ ಹೆಸರು ಸಂತೋಷ್. ಹರಿಯಾಣದ ಕಡೆ ಅದು ಹೆಂಗಸರ ಹೆಸರೂ ಹೌದು. ನಾವೆಲ್ಲ ಸಂತೋಷ್ ದೀದಿ ಅನ್ನುತ್ತೇವೆ. ಅವರ ದನಿ ನಿನ್ನ ದನಿಯ ಹಾಗೆ, ಆಚೆ ದಡಕ್ಕೆ ಕೇಳುವಂಥದು.

ಮೊದಲ ದಿನ ಮೇಡಂ ನನ್ನನ್ನು ಮುಂದೆ ತಳ್ಳಿ, ಇವಳ ಅಪ್ಪ ದೋಣಿ ನಡೆಸುತ್ತಾನೆ, ಇವಳಿಗೆ ಏನೂ ಕಲಿಸಬೇಕಿಲ್ಲ ಎಂದು ಹೇಳಿಬಿಟ್ಟರು. ದೀದಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಅಚ್ಛಾ, ನದಿಯವಳಾ, ಹಾಗಾದರೆ ಆ ಕೊನೆಗೆ ಹೋಗು, ಅಲ್ಲಿ ಹನ್ನೆರಡು ಅಡಿ ಇದೆ, ಹಾರು ನೋಡೋಣ ಎಂದರು. ಆಗಲಾದರೂ ಹೇಳಬಹುದಿತ್ತು. ಹದಿನಾಲ್ಕು ಹೆಂಗಸರು ಸಾಲಾಗಿ ನಿಂತು ನನ್ನನ್ನೇ ನೋಡುತ್ತಿದ್ದರು. ಅಷ್ಟು ಜನರೆದುರು ಬಾಯಿ ತೆರೆಯುವುದಕ್ಕಿಂತ ಹಾರುವುದೇ ಸುಲಭ ಅನ್ನಿಸಿತು. ಹಾರಿದೆ.

ಮೇಡಂ ಲೆಕ್ಕದಲ್ಲಿ ನಾನು ಒಳಗಿದ್ದದ್ದು ಎಂಟು ಸೆಕೆಂಡು. ನನಗೆ ಇಡೀ ಶ್ರಾವಣ ಕಳೆದ ಹಾಗಾಯಿತು. ಎಲ್ಲಿಂದಲೋ ಒಂದು ಉದ್ದ ಕೋಲು ಬಂತು, ಹಿಡಿದುಕೊಂಡೆ, ಮೀನಿನ ಹಾಗೆ ಎಳೆದು ಹಾಕಿದರು. ಕೆಮ್ಮು ನಿಂತ ಮೇಲೆ ದೀದಿ ಎದುರು ಕುಕ್ಕರಗಾಲಿನಲ್ಲಿ ಕೂತು ಕೇಳಿದರು.

"ಈಜು ಬಾರದು ಅನ್ನೋಕೆ ಏನಾಗಿತ್ತು?"

"ನಾಚಿಕೆಯಾಯಿತು."

"ಸಾಯೋಕೆ ನಾಚಿಕೆಯಾಗಲಿಲ್ಲವಾ?"

ಹೆಂಗಸರೆಲ್ಲ ನಕ್ಕರು. ನನಗೂ ನಗು ಬಂತು, ಮೂಗಿನಿಂದ ನೀರು ಬಂತು. ಆಮೇಲೆ ದೀದಿ, ಅಂಬಿಗನ ಮಗಳಿಗೆ ಈಜು ಯಾಕೆ ಬಾರದು ಎಂದು ಕೇಳಿದರು. ಕಲಿಯಲಿಲ್ಲ ಎಂದೆ. ಅಷ್ಟಕ್ಕೆ ಬಿಟ್ಟರು.

ಮರುದಿನದಿಂದ ನನ್ನನ್ನು ಮೂರೂವರೆ ಅಡಿಯ ಕಡೆ ನಿಲ್ಲಿಸಿದರು. ಕಂಬಿ ಹಿಡಿದು ಕಾಲು ಬಡಿಯುವುದು, ಮುಖ ಮುಳುಗಿಸಿ ಗುಳ್ಳೆ ಬಿಡುವುದು. ನನ್ನ ಪಕ್ಕದಲ್ಲಿ ಐದು ವರ್ಷದ ಒಂದು ಹುಡುಗಿ ನನಗಿಂತ ಒಳ್ಳೆಯ ಗುಳ್ಳೆ ಬಿಡುತ್ತಿದ್ದಳು. ಹನ್ನೊಂದನೇ ದಿನ ಯಾರೂ ಹಿಡಿಯದೆ ತೇಲಿದೆ. ಆಕಾಶ ಕಾಣುತ್ತಿತ್ತು, ಕಿವಿಯೊಳಗೆ ನೀರಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಹಾಗೇ ನಗುತ್ತಾ ಮಲಗಿದ್ದೆನಂತೆ. ಇಪ್ಪತ್ತನೇ ದಿನ, ಅಂದರೆ ನಿನ್ನೆ, ಕೊಳವನ್ನು ಅಡ್ಡಡ್ಡ ಒಂದು ದಡದಿಂದ ಇನ್ನೊಂದಕ್ಕೆ ನಿಲ್ಲದೆ ಈಜಿದೆ. ಅದಕ್ಕೇ ಇವತ್ತು ಕಾಗದ.

ಮೇಡಂ ಇನ್ನೂ ಕಂಬಿ ಬಿಟ್ಟಿಲ್ಲ. ಬಿಡಿ ಮೇಡಂ, ನಾನಿದ್ದೀನಿ ಎನ್ನುತ್ತೇನೆ. ನೀನಿದ್ದದ್ದನ್ನು ಮೊದಲ ದಿನವೇ ನೋಡಿದೆನಲ್ಲ ಎನ್ನುತ್ತಾರೆ.

ಹೊಳೆಯಲ್ಲಿ ನೀರು ಇಳಿದಿರಬೇಕು. ಬಿಸಿಲಿನಲ್ಲಿ ತಲೆಗೆ ಟವೆಲ್ ಸುತ್ತಿಕೋ. ನಿನ್ನ ಆಶೀರ್ವಾದ ಇರಲಿ.

ನಿನ್ನ ಮಗಳು
ಹುಲಿಗೆಮ್ಮ


ದ್ವಾರಕಾ, ದೆಹಲಿ
ಸೆಪ್ಟೆಂಬರ್ 14, 2025

ಪ್ರೀತಿಯ ಅಪ್ಪನಿಗೆ,

ನಮಸ್ಕಾರ. ನಾಲ್ಕು ತಿಂಗಳು ಬರೆಯಲಿಲ್ಲ, ತಪ್ಪು ನನ್ನದೇ. ಬೆಳಿಗ್ಗೆ ಕೊಳ, ಬಂದು ಅಡಿಗೆ, ಮಧ್ಯಾಹ್ನ ಮೇಡಂ ಮಗಳು ಸಿಂಧೂರಾ ಸ್ಕೂಲಿನಿಂದ ಬರುವಷ್ಟರಲ್ಲಿ ಬಟ್ಟೆ, ರಾತ್ರಿ ಹಾಸಿಗೆ ಕಂಡರೆ ಸಾಕು. ನನ್ನ ಹೋದ ಕಾಗದ ನಿನಗೆ ಮುಟ್ಟಿತಂತೆ. ಒಂದು ವಾರ ಹರಿಗೋಲಿನಲ್ಲಿ ಕೂತವರಿಗೆಲ್ಲ ನನ್ನ ಮಗಳು ದಿಲ್ಲಿಯಲ್ಲಿ ಹನ್ನೆರಡು ಅಡಿ ನೀರಿಗೆ ಹಾರಿದಳು ಎಂದು ಹೇಳಿದೆಯಂತೆ. ಕೋಲು ಹಾಕಿ ಎಳೆದದ್ದನ್ನು ಹೇಳಲಿಲ್ಲವಂತೆ. ಅವ್ವ ಹೇಳಿ ನಕ್ಕಳು. ನಾನು ಆವತ್ತಿನ ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಈಗ ಮುಖ್ಯ ವಿಷಯ. ಮೇಡಂ ಗೆಳತಿ ಈಜಿದ ಆ ಕೆರೆ ಉತ್ತರಾಖಂಡದಲ್ಲಿದೆ. ಒಂದು ಅಣೆಕಟ್ಟಿನ ಹಿನ್ನೀರು. ಅಕ್ಟೋಬರ್ ಹನ್ನೆರಡಕ್ಕೆ ಅಲ್ಲಿ ಎರಡು ಕಿಲೋಮೀಟರ್ ಈಜುವ ಸ್ಪರ್ಧೆ. ಸಂತೋಷ್ ದೀದಿ ನಮ್ಮ ಕೊಳದಿಂದ ಆರು ಜನರನ್ನು ಕರೆದುಕೊಂಡು ಹೋಗುತ್ತಾರೆ. ಜುಲೈ ಹೊತ್ತಿಗೆ ನಾನು ಕೊಳದ ಉದ್ದವನ್ನು ಇಪ್ಪತ್ತು ಸಲ ಈಜುತ್ತಿದ್ದೆ, ಆಗಸ್ಟಿನಲ್ಲಿ ನಲವತ್ತು. ಒಂದು ದಿನ ದೀದಿ ಕೈಯಲ್ಲಿದ್ದ ಪಟ್ಟಿಯಲ್ಲಿ ನನ್ನ ಹೆಸರು ಬರೆದು, ಬರುತ್ತೀಯಾ ಎಂದು ಕೇಳಲೇ ಇಲ್ಲ, ಬರಬೇಕು ಎಂದರು. ಅಪ್ಪಾ, ನನಗೆ ಇಪ್ಪತ್ತೈದು ವರ್ಷ. ಇಷ್ಟು ವರ್ಷದಲ್ಲಿ ನನ್ನ ಹೆಸರನ್ನು ಯಾರಾದರೂ ಯಾವುದಾದರೂ ಪಟ್ಟಿಯಲ್ಲಿ ಬರೆದದ್ದು ರೇಷನ್ ಕಾರ್ಡು, ಶಾಲೆಯ ಹಾಜರಿ ಬಿಟ್ಟರೆ ಅದೊಂದೇ. ನನಗೆ ಆ ಎರಡು ಕಿಲೋಮೀಟರ್ ಬೇಕೇ ಬೇಕು ಅನ್ನಿಸಿತು. ಹೀಗೆ ಏನಾದರೂ ಬೇಕು ಅನ್ನಿಸಿದ್ದು ನನಗೆ ಹೊಸದು, ಒಂದು ವಾರ ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ.

ಮೇಡಂ ಕೂಡ ಕಂಬಿ ಬಿಟ್ಟಿದ್ದಾರೆ. ಅವರದು ಐನೂರು ಮೀಟರಿನ ಚಿಕ್ಕ ಈಜು. ಮನೆಯಲ್ಲಿ ಈಗ ಇದೇ ಮಾತು. ಸಿಂಧೂರಾ, ಹನ್ನೊಂದು ವರ್ಷದವಳು, ಭಾನುವಾರ ಬಂದು ಕೊಳದ ಅಂಚಿನಲ್ಲಿ ಕೂತು ನಮ್ಮಿಬ್ಬರಿಗೂ ಪಾಠ ಹೇಳುತ್ತಾಳೆ. "ಹುಲಿಗಿ ದೀದಿ, ನಿಮ್ಮ ಕೈ ಬಹುತ್ ಸ್ಲೋ ಇದೆ. ಚಪಾತಿ ಲಟ್ಟಿಸ್ತಾ ಇದೀರಾ ಕ್ಯಾ?" ಅನ್ನುತ್ತಾಳೆ. ಮೇಡಂ ಯಜಮಾನರು ಇಂದುಶೇಖರ ಸಾಹೇಬರು ರಿಟೈರಾಗಿ ಮನೆಯಲ್ಲೇ ಇರುತ್ತಾರಲ್ಲ, ಇಬ್ಬರೂ ನೀರಿನಲ್ಲಿದ್ದರೆ ನನ್ನ ಹೊಟ್ಟೆಯ ಗತಿ ಏನು ಎಂದು ಗೊಣಗಿ, ಗೊಣಗಿ, ಕೊನೆಗೆ ತಾವೇ ಉಪ್ಪಿಟ್ಟು ಮಾಡಲು ಕಲಿತರು. ಮೊದಲ ದಿನದ್ದನ್ನು ಚಾಕುವಿನಿಂದ ಕತ್ತರಿಸಿಕೊಂಡು ತಿಂದೆವು. ಈಗ ಚೆನ್ನಾಗಿ ಮಾಡುತ್ತಾರೆ, ಹಾಗೆ ಹೇಳಿದರೆ ಮಾತ್ರ ಇನ್ನೊಂದು ಸೌಟು ಬಡಿಸುತ್ತಾರೆ.

ಇಲ್ಲಿಯವರೆಗೆ ನಗುವಿನ ಸುದ್ದಿ. ಮುಂದಿನದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ.

ಕೆರೆಗೆ ಹೋಗುವ ಮೊದಲು ಒಂದು ಪರೀಕ್ಷೆ ಇತ್ತು. ಹೋದ ಭಾನುವಾರ ಹರಿಯಾಣದ ಒಂದು ಹಳ್ಳಿಯ ದೊಡ್ಡ ಕೆರೆಗೆ ಕರೆದುಕೊಂಡು ಹೋದರು. ಒಂದು ಕಿಲೋಮೀಟರ್ ಈಜಬೇಕು, ಪಾಸಾದವರ ಹೆಸರು ಮಾತ್ರ ಉಳಿಯುತ್ತದೆ. ನೀರಿಗೆ ಇಳಿಯುವ ಮುಂಚೆ ದೀದಿ ಎಲ್ಲರಿಗೂ ಒಂದೊಂದು ಕಿತ್ತಳೆ ಬಣ್ಣದ ಗಾಳಿಚೀಲ ಕೊಟ್ಟರು. ಸೊಂಟಕ್ಕೆ ಬೆಲ್ಟು, ಅದಕ್ಕೊಂದು ದಾರ, ದಾರದ ಕೊನೆಗೆ ಚೀಲ. ನಾವು ಈಜಿದರೆ ಅದು ಹಿಂದೆ ಹಿಂದೆ ತೇಲಿಕೊಂಡು ಬರುತ್ತದೆ.

ಅದನ್ನು ನೋಡಿದ ತಕ್ಷಣ ನನ್ನ ಮುಖ ಬಿಸಿಯಾಯಿತು. ಯಾಕೆಂದು ನಿನಗೆ ಹೇಳಬೇಕಾಗಿಲ್ಲ. ನಮ್ಮಲ್ಲಿ ಹುಡುಗರಿಗೆ ಈಜು ಕಲಿಸುವಾಗ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟುತ್ತೀಯಲ್ಲ, ಇದು ಅದೇ. ಹುಡುಗ ನಡುಹೊಳೆಯ ಬಂಡೆ ಮುಟ್ಟಿ ಬಂದ ದಿನ ನೀನು ಕುಡುಗೋಲಿನಿಂದ ದಾರ ಕತ್ತರಿಸುತ್ತೀ, ಆವತ್ತಿನಿಂದ ಅವನು ಈಜುಗಾರ. ಅಲ್ಲಿಯವರೆಗೆ ಊರೆಲ್ಲ ಅವನನ್ನು ಬುರುಡೆ, ಬುರುಡೆ ಎಂದೇ ಕರೆಯುತ್ತದೆ. ನಲವತ್ತು ಸಲ ಕೊಳ ಸುತ್ತಿದವಳಿಗೆ ಇನ್ನೂ ಬುರುಡೆಯೇ ಎಂದು ಅವಮಾನವಾಯಿತು. ಎಲ್ಲರಿಗೂ ಕಟ್ಟಿದ್ದರು ನಿಜ. ನಾವೆಲ್ಲ ದೀದಿಯ ಕಣ್ಣಿಗೆ ಅರ್ಧ ಕಲಿತವರು ಎಂದುಕೊಂಡೆ. ಕೇಳಬಹುದಿತ್ತು. ಕೇಳುವ ಬಾಯಿ ನನಗೆಲ್ಲಿದೆ?

ಅರ್ಧ ದೂರ ಹೋದ ಮೇಲೆ ಮೈಗೆ ಬಲ ಬಂತು. ಉಸಿರು ಸರಾಗ, ಕೈ ಸರಾಗ. ಬಂಡೆ ಮುಟ್ಟಿದ ಹುಡುಗರ ನೆನಪಾಯಿತು. ಈಜುತ್ತಲೇ ಬೆಲ್ಟು ಬಿಚ್ಚಿ ಚೀಲವನ್ನು ನೀರಿನಲ್ಲೇ ಬಿಟ್ಟೆ. ಏನು ಹಗುರ ಅಪ್ಪಾ! ಉಳಿದದ್ದನ್ನು ನಾನು ಹೇಗೆ ಈಜಿದೆನೋ. ಯಾರ ಸೀಟಿಯೂ ಕೇಳಲಿಲ್ಲ, ಯಾರ ಕೂಗೂ ಕೇಳಲಿಲ್ಲ. ದಡಕ್ಕೆ ಬಂದು ಕೆಸರಿನಲ್ಲಿ ಎದ್ದು ನಿಂತು ನಗುತ್ತಾ ತಿರುಗಿ ನೋಡಿದರೆ, ಕೆರೆಯ ನಡುವೆ ನನ್ನ ಚೀಲದ ಸುತ್ತ ಎರಡು ದೋಣಿ. ಒಬ್ಬ ನೀರಿಗೆ ಹಾರಿ ಮುಳುಗಿ ಮುಳುಗಿ ಹುಡುಕುತ್ತಿದ್ದಾನೆ. ಸಂತೋಷ್ ದೀದಿ ದೋಣಿಯಲ್ಲಿ ಮಂಡಿಯೂರಿ ನೀರಿನೊಳಗೆ ಕೈ ಹಾಕಿ ನನ್ನ ಹೆಸರು ಕೂಗುತ್ತಿದ್ದಾರೆ. ನಮ್ಮ ಮೇಡಂ ಆಚೆ ದಡದಲ್ಲಿ ಕೂತುಬಿಟ್ಟಿದ್ದಾರೆ.

ಚೀಲವಿದೆ, ಹುಡುಗಿ ಇಲ್ಲ. ಅವರು ಇನ್ನೇನು ತಿಳಿಯಬೇಕು?

ನಾನು ಕೈ ಬೀಸಿದೆ. ದೋಣಿ ಬಂತು. ದೀದಿ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ದನಿ ಹೋಗಿತ್ತು. ಪಟ್ಟಿ ತೆಗೆದು ನನ್ನ ಹೆಸರಿನ ಮೇಲೆ ಗೀಟು ಎಳೆದರು. ನನ್ನ ಎದುರಿಗೇ ಎಳೆದರು.

ಆಗ ನಾನು ಮಾತಾಡಿದೆ. ಹದಿನೈದು ಜನರ ಮುಂದೆ, ನನ್ನ ಮುರುಕು ಹಿಂದಿಯಲ್ಲಿ, ಬುರುಡೆ, ದಾರ, ಬಂಡೆ, ಕುಡುಗೋಲು ಎಲ್ಲವನ್ನೂ ಹೇಳಿದೆ. ಸೋರೆಕಾಯಿಗೆ ಹಿಂದಿಯಲ್ಲಿ ಲೌಕಿ ಎಂಬುದು ಆ ಹೊತ್ತಿಗೆ ಮರೆತುಹೋಗಿ, ಉದ್ದಕ್ಕಿರುತ್ತೆ, ಹಲ್ವಾ ಮಾಡ್ತಾರೆ ಎಂದು ಕೈಯಲ್ಲಿ ತೋರಿಸಿದೆ. ಅಷ್ಟು ಉದ್ದ ನಾನು ಯಾರ ಜೊತೆಗೂ ಮಾತಾಡಿಲ್ಲ. ಯಾರೂ ನಗಲಿಲ್ಲ. ದೀದಿ ಎಲ್ಲವನ್ನೂ ಕೇಳಿ, ಗಂಟಲು ಸರಿ ಮಾಡಿಕೊಂಡು ಹೇಳಿದರು:

"ನಿಮ್ಮೂರ ಬುರುಡೇನ ಹುಡುಗ ಮುಳುಗದೆ ಇರಲಿ ಅಂತ ಕಟ್ಟೋದು. ಇದನ್ನ ಕಟ್ಟೋದು ನಿನಗಾಗಿ ಅಲ್ಲ, ನನಗಾಗಿ. ನೀನು ಎಲ್ಲಿದ್ದೀಯ ಅಂತ ನನಗೆ ಕಾಣಬೇಕು. ನನಗಿಂತ ಚೆನ್ನಾಗಿ ಈಜುವವರೂ ಇದನ್ನ ಕಟ್ಟಿಕೊಂಡೇ ಇಳೀತಾರೆ."

ನಾನು ಎಲ್ಲಿದ್ದೇನೆ ಎಂದು ಇನ್ನೊಬ್ಬರಿಗೆ ಕಾಣಬೇಕು. ಅದನ್ನು ನಾನು ಯೋಚಿಸಿಯೇ ಇರಲಿಲ್ಲ.

ಗೀಟು ಅಳಿಸಲಿಲ್ಲ. ಆದರೆ ಜ್ವರ ಬಂದು ತಪ್ಪಿಸಿಕೊಂಡ ಇಬ್ಬರಿಗೆ ಇಪ್ಪತ್ತೆಂಟಕ್ಕೆ ಮತ್ತೆ ಪರೀಕ್ಷೆ ಇದೆ, ಬೇಕಾದರೆ ಬಾ, ಗಂಟು ನಾನೇ ಹಾಕುತ್ತೇನೆ ಎಂದಿದ್ದಾರೆ. ಇನ್ನು ಎರಡು ವಾರ. ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಎಲ್ಲರಿಗಿಂತ ಕೊನೆಗೆ ಬರುತ್ತಿದ್ದೇನೆ. ದೀದಿ ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಪಾಸಾಗಲಿ ಎಂದು ಹರಸು.

ನಿನ್ನ ಮಗಳು
ಹುಲಿಗೆಮ್ಮ


ದ್ವಾರಕಾ, ದೆಹಲಿ
ಅಕ್ಟೋಬರ್ 16, 2025

ಪ್ರೀತಿಯ ಅಪ್ಪನಿಗೆ,

ನಮಸ್ಕಾರ, ನಮಸ್ಕಾರ. ಈ ಸಲ ತಡಮಾಡಲಿಲ್ಲ ನೋಡು. ಹಬ್ಬದ ಚಕ್ಕುಲಿ ಹಿಟ್ಟು ಕಲಸಿಟ್ಟು ಬಂದು ಬರೆಯುತ್ತಿದ್ದೇನೆ, ಕಾಗದಕ್ಕೆ ಎಣ್ಣೆ ಹತ್ತಿದ್ದರೆ ಅದೇ ಕಾರಣ.

ಮೊದಲು ಒಂದು ಮಾತು. ಹೋದ ಸಲ ಫೋನಿನಲ್ಲಿ ನೀನು "ಉಂಡ್ಯಾ?" ಅನ್ನಲಿಲ್ಲ. "ಚೀಲ ಬಿಚ್ಚಬ್ಯಾಡ" ಎಂದೆ. ನಾನು ಹೂಂ ಅನ್ನುವಷ್ಟರಲ್ಲಿ ಅವ್ವ ಹಲೋ ಅಂದಳು. ಆದರೂ ಆ ಎರಡು ಶಬ್ದವನ್ನು ನಾನು ಪರೀಕ್ಷೆಯ ದಿನ ಪೂರ್ತಿ ಹೇಳಿಕೊಂಡೆ. ಪಾಸಾದೆ ಅಪ್ಪಾ. ದೀದಿ ಗಂಟು ಹಾಕಿ, ಅದರ ಮೇಲೆ ಇನ್ನೊಂದು ಹಾಕಿ, ಅದರ ಮೇಲೆ ಮತ್ತೊಂದು ಹಾಕಿದರು. ಬಂದ ಮೇಲೆ ಅದನ್ನು ಬಿಡಿಸಲು ಮೂರು ಜನ ಬೇಕಾಯಿತು. ಆವತ್ತಿನಿಂದ ಮತ್ತೆ ಬೈಯಲು ಶುರು ಮಾಡಿದ್ದಾರೆ, ಈಗ ಜೀವಕ್ಕೆ ಸಮಾಧಾನ.

ಶುಕ್ರವಾರ ರಾತ್ರಿ ಬಸ್ಸು. ಮೇಡಂ, ಸಾಹೇಬರು, ಸಿಂಧೂರಾ, ಎಲ್ಲರೂ ಬಂದರು. ಸಾಹೇಬರು ಡಬ್ಬಿಯಲ್ಲಿ ಉಪ್ಪಿಟ್ಟು ತಂದು ಗುರುತಿಲ್ಲದವರಿಗೂ ಹಂಚಿದರು. ಬೆಟ್ಟಗಳ ನಡುವೆ ಆ ಕೆರೆ ಎಷ್ಟು ದೊಡ್ಡದೆಂದರೆ, ಈಚೆ ದಡದಲ್ಲಿ ನಿಂತರೆ ಆಚೆಯವರು ಇರುವೆಯ ಹಾಗೆ ಕಾಣುತ್ತಾರೆ. ಭಾನುವಾರ ಬೆಳಿಗ್ಗೆ ನೂರಾ ಮೂವತ್ತು ಜನ ಇಳಿದೆವು. ನನ್ನ ಕೈಯ ಮೇಲೆ ಮಸಿಯಿಂದ 88 ಎಂದು ಬರೆದಿದ್ದರು. ನೀರು ಮುಟ್ಟಿದ ಕೂಡಲೇ ಹಲ್ಲು ಕಟಕಟ ಎಂದವು. ಕೆರೆಯಲ್ಲಿ ಅಲ್ಲಲ್ಲಿ ದೊಡ್ಡ ಕೆಂಪು ಬಲೂನು ತೇಲಿಬಿಟ್ಟಿರುತ್ತಾರೆ, ಅದನ್ನು ನೋಡಿಕೊಂಡು ಹೋಗಬೇಕು. ದೀದಿ ಕಲಿಸಿದ್ದು, ಹತ್ತು ಸಲ ಕೈ ಹಾಕಿದ ಮೇಲೆ ಮೊಸಳೆಯ ಹಾಗೆ ಕಣ್ಣು ಮಾತ್ರ ಎತ್ತಿ ದಾರಿ ನೋಡಬೇಕೆಂದು. ನಮ್ಮ ಹೊಳೆಯಲ್ಲಿ ನಿಜವಾದ ಮೊಸಳೆಯೇ ಇದೆ ದೀದಿ ಎಂದರೆ, ಹಾಗಾದರೆ ನಿನಗೆ ಬೇಗ ಬರಬೇಕಿತ್ತು ಎಂದರು.

ಮೊದಲು ಮೇಡಂ ಸುದ್ದಿ ಹೇಳುತ್ತೇನೆ, ಅವರ ಈಜು ನಾವು ಇಳಿಯುವ ಮುಂಚೆಯೇ ಮುಗಿದಿತ್ತು. ಐನೂರು ಮೀಟರಿಗೆ ಮೂವತ್ತು ನಿಮಿಷ. ಅವರದೇ ಕೊನೆ. ದಡದಲ್ಲಿ ಯಾರೋ ಫೋಟೋ ತೆಗೆಯುತ್ತಿದ್ದರೆ ಮುಖದ ನೀರು ಒರೆಸಿಕೊಳ್ಳಲಿಲ್ಲ, ಅಳುತ್ತಿದ್ದದ್ದು ಗೊತ್ತಾಗದಿರಲಿ ಎಂದು. ಸಾಹೇಬರು ಟವೆಲ್ ಹೊದೆಸಿ, "ಇನ್ನು ಲಿಫ್ಟ್ ಕೆಟ್ಟರೆ ನನಗೆ ಬೈಯಬೇಡ, ಮೆಟ್ಟಿಲು ಹತ್ತು" ಎಂದರು.

ನನ್ನದು ಸುಮಾರು ಅರ್ಧದವರೆಗೆ ಚೆನ್ನಾಗಿ ನಡೆಯಿತು. ನಡುವಿನ ಬಲೂನು ದಾಟಿದ ಮೇಲೆ ಕೆಳಗೆ ನೋಡಿದೆ. ಕೊಳದಲ್ಲಿ ಕೆಳಗೆ ನೀಲಿ ಹೆಂಚು ಕಾಣುತ್ತದೆ, ಆ ಹರಿಯಾಣದ ಕೆರೆಯಲ್ಲಿ ಕೆಸರಾದರೂ ಇತ್ತು. ಇಲ್ಲಿ ಏನೂ ಇಲ್ಲ. ಹಸಿರು, ಅದರ ಕೆಳಗೆ ಕಪ್ಪು, ಅದರ ಕೆಳಗೆ ಏನೋ. ನನ್ನ ಕಾಲು ನಿಂತುಹೋಯಿತು. ಉಸಿರು ಒಳಗೆ ಹೋಗುತ್ತಿಲ್ಲ. ಚೀಲ ಹಿಡಿದುಕೊಂಡು ನಿಂತೆ. ದೋಣಿಯವನು ಹತ್ತಿರ ಬಂದು, ಕೈ ಎತ್ತಿದರೆ ಎತ್ತಿಕೊಳ್ಳುತ್ತೇನೆ ಎಂದ. ಕೈ ಎತ್ತಿದರೆ ಆಯಿತು, ಅಲ್ಲಿಗೆ ಮುಗಿಯಿತು. ಎತ್ತಬೇಕೆಂದೇ ಇದ್ದೆ.

ಎರಡು ಮಾತು ನೆನಪಿಗೆ ಬಂದವು. ಒಂದು ದೀದಿಯದು. ನೀರು ಎಷ್ಟು ಆಳ ಇದ್ದರೂ ನೀನು ಈಜುವುದು ಮೇಲಿನ ಎರಡು ಅಡಿಯಲ್ಲಿ, ಉಳಿದದ್ದು ನಿನ್ನದಲ್ಲ, ಅದರ ಗೊಡವೆ ಬೇಡ ಎನ್ನುತ್ತಿದ್ದರು. ಇನ್ನೊಂದನ್ನು ಇಲ್ಲಿ ಬರೆಯುವುದಿಲ್ಲ. ಬೆನ್ನ ಮೇಲೆ ತಿರುಗಿ ಮಲಗಿ ಆಕಾಶ ನೋಡುತ್ತಾ ಐವತ್ತು ಎಣಿಸಿದೆ. ದೋಣಿಯವನಿಗೆ ಬೇಡ ಎಂದೆ. ಅಷ್ಟು ಗಟ್ಟಿಯಾಗಿ ಹೇಳಿದ್ದಕ್ಕೆ ಅವನು ಬೆಚ್ಚಿದ.

ಆಮೇಲೆ ಕೆಳಗೆ ನೋಡಲಿಲ್ಲ. ಹತ್ತು ಕೈ, ಒಂದು ಕಣ್ಣು. ಹತ್ತು ಕೈ, ಒಂದು ಕಣ್ಣು. ಕೊನೆಯ ಬಲೂನಿನ ಹತ್ತಿರ ಸಿಂಧೂರಾಳ ದನಿ ಕೇಳಿತು. ದಿಲ್ಲಿಯ ಹುಡುಗಿ, ಮನೆಯಲ್ಲಿ ಕನ್ನಡ ಮಾತಾಡು ಎಂದು ಮೇಡಂ ದಿನಾ ಬೇಡಿಕೊಳ್ಳಬೇಕು. ಅವಳು ಆ ನೂರಾರು ಜನರ ನಡುವೆ "ಬಾ ಹುಲಿಗೆಮ್ಮಾ, ಬಾ, ಇನ್ನು ಸ್ವಲ್ಪಾನೇ" ಎಂದು ಅಚ್ಚ ಕನ್ನಡದಲ್ಲಿ ಕೂಗುತ್ತಿದ್ದಳು. ಕಾಲಿಗೆ ಮರಳು ತಾಗಿತು. ಎದ್ದು ನಿಲ್ಲಲು ಹೋಗಿ ಬಿದ್ದೆ, ಮತ್ತೆ ಎದ್ದೆ. ಒಂದು ಗಂಟೆ ಹದಿನಾಲ್ಕು ನಿಮಿಷ. ನನ್ನ ಹಿಂದೆ ಇನ್ನೂ ಒಂಬತ್ತು ಜನ ಇದ್ದರು, ಅದನ್ನು ಹರಿಗೋಲಿನಲ್ಲಿ ಹೇಳಲು ಮರೆಯಬೇಡ.

ದೀದಿ ಓಡಿ ಬಂದು ಮೊದಲು ನನ್ನ ಸೊಂಟ ನೋಡಿದರು, ಚೀಲ ಇದೆಯೋ ಎಂದು. ಆಮೇಲೆ ಅಪ್ಪಿಕೊಂಡರು. ಮೆಡಲು ಎಲ್ಲರಿಗೂ ಕೊಡುತ್ತಾರೆ, ಆದರೂ ನಾನು ಬಸ್ಸಿನಲ್ಲಿ ಅದನ್ನು ಹಾಕಿಕೊಂಡೇ ಮಲಗಿದೆ. ಮನೆಗೆ ಬಂದ ಮೇಲೆ ಸೊಸೈಟಿಯ ಗೇಟಿನ ಭಯ್ಯಾ, ಏನು ಗೆದ್ದೆ ಎಂದು ಕೇಳಿದ. ಎರಡು ಕಿಲೋಮೀಟರ್ ಎಂದೆ. ನಾನೇ ನಿಂತು, ಅವನ ಮುಖ ನೋಡಿ ಹೇಳಿದೆ.

ಮುಂದಿನ ವರ್ಷ ಐದು ಕಿಲೋಮೀಟರ್ ಎಂದು ದೀದಿ ಈಗಲೇ ಬೆದರಿಸಿದ್ದಾರೆ. ಸಂಕ್ರಾಂತಿಗೆ ರಜೆ ಸಿಕ್ಕರೆ ಊರಿಗೆ ಬರುತ್ತೇನೆ. ನಿನ್ನ ಹರಿಗೋಲಿನ ಪಕ್ಕದಲ್ಲೇ ಈಜಿಕೊಂಡು ಬರುತ್ತೇನೆ, ನನ್ನ ಚೀಲವನ್ನು ನೀನೇ ಕಟ್ಟು.

ಅವ್ವನ ಕೆಮ್ಮು ಹೇಗಿದೆ? ಶಂಕರನ ಮಗುವಿಗೆ ಒಂದು ಮುತ್ತು. ನಿಮ್ಮೆಲ್ಲರ ಹೊಳೆ ತಣ್ಣಗಿರಲಿ, ನಿನ್ನ ತೋಳಿನ ನೋವು ಕಡಿಮೆಯಾಗಲಿ, ದೂರದಲ್ಲಿರುವ ಮಗಳ ತಲೆಯ ಮೇಲೆ ನಿನ್ನ ಕೈ ಇರಲಿ.

ನಿನ್ನ ಮಗಳು
ಹುಲಿಗೆಮ್ಮ

ಮರೆತ ಮಾತು: ಅವ್ವನಿಗೆ ಓದಿ ಹೇಳುವುದಾದರೆ ಇಲ್ಲಿಗೆ ನಿಲ್ಲಿಸು. ಉಳಿದದ್ದು ನಿನಗೆ ಮಾತ್ರ. ಮರೆತ ಮಾತು ಎಂದು ಬರೆದೆ, ಮರೆತದ್ದಲ್ಲ.

ಕೆರೆಯ ನಡುವೆ ನೆನಪಾದ ಎರಡನೆಯ ಮಾತು ನಿನ್ನದು. ನಾನು ಐದನೇ ಕ್ಲಾಸು ಪಾಸಾದ ವರ್ಷ ಮಾಸ್ತರರು ಮನೆಗೆ ಬಂದಿದ್ದರು. ನಡುಗಡ್ಡೆಯ ಶಾಲೆ ಅಲ್ಲಿಗೆ ಮುಗಿಯುತ್ತದೆ, ಆರನೇ ಕ್ಲಾಸು ಆಚೆ ದಡದಲ್ಲಿ. ಹುಡುಗಿ ಚೆನ್ನಾಗಿ ಓದುತ್ತಾಳೆ, ಬಿಡಿಸಬೇಡ ಎಂದರು. ನೀನು ಹೇಳಿದೆ: "ಈಜು ಬರದ ಹುಡುಗೀನ ದಿನಾ ಎರಡು ಸಲ ಹೊಳಿ ದಾಟಸೂದು ಹೆಂಗ್ರೀ ಸರ?" ಮಾಸ್ತರರು ಚಹಾ ಕುಡಿದು ಹೋದರು. ನಾನು ಒಳಗೆ ಒಲೆಯ ಮುಂದೆ ಕೂತು ಕೇಳಿಸಿಕೊಂಡೆ. ಆ ಬೇಸಿಗೆಯಲ್ಲೇ ನೀನು ಶಂಕರನಿಗೂ ಇನ್ನು ಆರು ಹುಡುಗರಿಗೂ ಈಜು ಕಲಿಸಿದೆ. ಅದೇ ದಡದಲ್ಲಿ ನಾನು ಪಾತ್ರೆ ತೊಳೆಯುತ್ತಿದ್ದೆ. ನನಗೂ ಕಲಿಸು ಎಂದು ನಾನು ಕೇಳಲಿಲ್ಲ. ಕಲಿಯುತ್ತೀಯಾ ಎಂದು ನೀನೂ ಕೇಳಲಿಲ್ಲ. ಎರಡು ವರ್ಷ ಕಳೆದು ಶಂಕರ ಹೊಳೆ ದಾಟಿ ಶಾಲೆಗೆ ಹೋದ.

ಈಜು ಕಲಿಯುವುದು ಎಂದರೆ ಎಷ್ಟು ದೊಡ್ಡ ಕೆಲಸವೋ ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಅದಕ್ಕೇ ನಿನ್ನ ಮಾತು ಸರಿ ಅನ್ನಿಸುತ್ತಿತ್ತು. ಈಗ ಗೊತ್ತಾಗಿದೆ ಅಪ್ಪಾ. ಇಪ್ಪತ್ತು ದಿನ.

ನಾನು ಸಿಟ್ಟಿನಿಂದ ಬರೆಯುತ್ತಿಲ್ಲ. ಒಂದೇ ಒಂದು ಕೇಳುತ್ತೇನೆ. ಆಗ ನನಗೆ ಈಜು ಬರುತ್ತಿದ್ದರೆ ನೀನು ಕಳಿಸುತ್ತಿದ್ದೆಯಾ? ಫೋನಿನಲ್ಲಿ ಹೇಳಬೇಡ, ಅವ್ವನ ಕೈಗೆ ಕೊಟ್ಟುಬಿಡುತ್ತೀ. ಬರೆ. ಒಂದೇ ಪದ ಬರೆದರೂ ಸಾಕು, ನಾನು ಓದಿಕೊಳ್ಳುತ್ತೇನೆ.